ಯಶೋದಾಬಾಯಿ ಹೆಸರು ಹಿಡಿದು ಕರೆದದ್ದು

ಬಸವಕಲ್ಯಾಣದ ಹಳೇ ಪೇಟೆಯಲ್ಲಿ ಮದುವೆ ಕಾರ್ಡು ಮಾಡಿಸಿದವರಿಗೆ ಯಶೋದಾಬಾಯಿಯ ಪರಿಚಯ ಮಾಡಿಕೊಡಬೇಕಾಗಿಲ್ಲ. ಆಕೆಯೇ ಅವರ ಮನೆತನದ ಪರಿಚಯವನ್ನೆಲ್ಲ ಮಾಡಿಕೊಂಡುಬಿಟ್ಟಿರುತ್ತಾಳೆ. ಪ್ರಜ್ಞಾ ಪ್ರಿಂಟರ್ಸ್ ಎಂಬ ಬೋರ್ಡಿನ ಕೆಳಗೆ, ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು ಆಕೆ ಕೂತಳೆಂದರೆ, ಕಾರ್ಡು ಬರೆಸಲು ಬಂದವನಿಗೆ ಮೊದಲು ಚಹಾ, ಆಮೇಲೆ ವಿಚಾರಣೆ. "ನಿಮ್ಮ ದೊಡ್ಡ ಕಾಕಾನ ಹೆಸರೆಲ್ಲಿ ಅದ? ಹಿಂದಿನ ಮದವ್ಯಾಗ ಊಟ ಬಿಟ್ಟು ಎದ್ದು ಹೋಗಿದ್ದಾ ಅಂವ. ಮ್ಯಾಲ ಹಾಕ್ರಿ ಸುಮ್ನ." ಕಾಕಾನ ಹೆಸರು ಮೇಲೆ ಹೋಗುತ್ತದೆ, ಮದುವೆ ಸುಸೂತ್ರವಾಗಿ ಮುಗಿಯುತ್ತದೆ. ತಾಲೂಕಿನ ಎಷ್ಟೋ ಮನೆಗಳ ಸಿಟ್ಟು ಸೆಡವು ಹೀಗೆ ಆಕೆಯ ಕೀಬೋರ್ಡಿನ ಮೇಲೆಯೇ ಇತ್ಯರ್ಥವಾಗಿವೆ.

ಇಷ್ಟು ಜನರ ಹೆಸರನ್ನು ಬೆರಳ ತುದಿಯಲ್ಲಿಟ್ಟುಕೊಂಡ ಈ ಹೆಂಗಸು ಒಂದು ಹೆಸರನ್ನು ಮಾತ್ರ ಬಾಯಿಂದ ಆಡಿದವಳಲ್ಲ, ಕೈಯಿಂದ ಬರೆದವಳೂ ಅಲ್ಲ. ಅದು ಗಂಡನ ಹೆಸರು. ಮನೆಯಲ್ಲಿ ಆತ 'ಇವರು', ಹೊರಗೆ 'ಅವರು', ಗಿರಾಕಿಗಳ ಮುಂದೆ 'ಸುಮೇಧಾನ ಪಪ್ಪ'. ಬ್ಯಾಂಕಿನಲ್ಲಿ ಯಾರಾದರೂ ಗಂಡನ ಹೆಸರೇನು ಎಂದು ಕೇಳಿದರೆ ಸೀರೆಯ ಸೆರಗಿನಿಂದ ಆಧಾರ್ ಕಾರ್ಡು ತೆಗೆದು ಕಿಟಕಿಯೊಳಗೆ ಚಾಚುತ್ತಾಳೆ. ಆಕೆಗೆ ಸಂಕೋಚವಿದ್ದರೆ ಇರಲಿ, ನಮಗೇನು? ಆತನ ಹೆಸರು ಉತ್ತಮ.

ಈ ಹೆಸರಿನಿಂದ ಅಂಗಡಿಗೆ ಆದ ತಾಪತ್ರಯ ಒಂದೆರಡಲ್ಲ. ಶಾಲೆಯವರು ಉತ್ತಮ ವಿದ್ಯಾರ್ಥಿ ಪ್ರಶಸ್ತಿಪತ್ರ ಮಾಡಿಸಲು ಬಂದರೆ ಈಕೆ ಶ್ರೇಷ್ಠ ವಿದ್ಯಾರ್ಥಿ ಎಂದು ಹೊಡೆದು ಕೊಡುತ್ತಿದ್ದಳು. ಕಿರಾಣಿ ಅಂಗಡಿಯ ಜಾಹೀರಾತಿನಲ್ಲಿ ಉತ್ತಮ ಗುಣಮಟ್ಟದ ತೊಗರಿಬೇಳೆ ಇದ್ದದ್ದು 'ಭಾರೀ ಗುಣಮಟ್ಟದ' ಆಯಿತು. ಅಂಗಡಿಯವನು ಕೇಳಿದ್ದಕ್ಕೆ, "ಯಾಕ, ಭಾರೀ ಇಲ್ಲೇನು?" ಎಂದು ಅವನ ಬಾಯಿಯನ್ನೇ ಮುಚ್ಚಿಸಿದಳು. ಅದೇ ಹೆಸರಿನ ಮದುಮಗನ ಕಾರ್ಡು ಬಂದರೆ ಆ ಜಾಗ ಖಾಲಿ ಬಿಟ್ಟು, ಒಳಗೆ ಅಚ್ಚಿನ ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದ ಗಂಡನನ್ನು ಕರೆದು, "ಇಲ್ಲೊಂದೀಟು ನೋಡ್ರಿ" ಎನ್ನುತ್ತಿದ್ದಳು. ಆತ ಬಂದು ಕೈ ಒರೆಸಿಕೊಂಡು ತನ್ನ ಹೆಸರನ್ನು ತಾನೇ ಹೊಡೆದು ಹೋಗುತ್ತಿದ್ದ.

ಮಗಳು ಸುಮೇಧಾ ಬೀದರಿನಲ್ಲಿ ಬಿ.ಎಡ್. ಓದುವವಳು. ಅವಳಿಗೆ ಇದೆಲ್ಲ ಕೇಳಿ ತಲೆ ಚಿಟ್ಟು ಹಿಡಿಯುತ್ತಿತ್ತು. "ಅವ್ವಾ, ನಾವು ಬೌದ್ಧರು. ಇಂಥಾವೆಲ್ಲ ಅಜ್ಜನ ಕಾಲದಾಗೇ ಬಿಟ್ಟೇವಲ್ಲ? ನೀ ಇನ್ನೂ ಹಿಡಕೊಂಡು ಕುಂತೀದಿ."

"ಬಿಡೂದೆಲ್ಲ ಬಿಟ್ಟೀನಿ. ಇದು ಧರ್ಮದ್ದಲ್ಲವಾ, ನಾಲಿಗಿದ್ದು. ಬರಲ್ಲಂದ್ರ ಬರಲ್ಲ," ಎಂದು ಯಶೋದಾಬಾಯಿ ಆ ಚರ್ಚೆಯನ್ನು ಅಲ್ಲಿಗೇ ಮುಗಿಸುತ್ತಿದ್ದಳು.

ನಿರ್ಣಾ ಎಂಬ ಹಳ್ಳಿಯ ಹೊಲದ ಮನೆಯಿಂದ ಮದುವೆಯಾಗಿ ಬಂದಾಗ ಆಕೆಗೆ ಅಚ್ಚಿನ ಗಂಧಗಾಳಿ ಇರಲಿಲ್ಲ. ಉತ್ತಮ ಆಗ ಸೀಸದ ಅಚ್ಚುಮೊಳೆಗಳನ್ನು ಒಂದೊಂದಾಗಿ ಜೋಡಿಸಿ ಕಾರ್ಡು ಹೊಡೆಯುತ್ತಿದ್ದ. ಹೊಸ ಮದುವಣಗಿತ್ತಿ ಬುತ್ತಿ ತಂದವಳು ಹಾಗೇ ನಿಂತು ನೋಡಿದಳು. ನೋಡುತ್ತ ನೋಡುತ್ತ ಕೂತಳು, ಕೂತವಳು ಮೊಳೆ ಹಿಡಿದಳು. ಆಮೇಲೆ ಕಂಪ್ಯೂಟರ್ ಬಂತು. ಸೀಸದ ಅಕ್ಷರಗಳಷ್ಟೇ ಗುಂಡಗೆ, ಹೊಟ್ಟೆ ತುಂಬ ಉಂಡಂತೆ ಕಾಣುವ ಕನ್ನಡ ಅಕ್ಷರಗಳ ಸಾಫ್ಟ್‌ವೇರನ್ನು ಉತ್ತಮ ಹೈದರಾಬಾದಿನಿಂದ ಹುಡುಕಿ ತಂದ. ಹಚ್ಚಿಕೊಡಲು ಬಂದಾತ ಮಶೀನಿಗೆ ಒಂದು ಹೆಸರಿಡಬೇಕು ಎಂದಾಗ, ಆತ ಜಂಬದಿಂದ ತನ್ನ ಹೆಸರನ್ನೇ ಇಟ್ಟ. ಅದು ಯಶೋದಾಬಾಯಿಗೆ ಗೊತ್ತಿತ್ತು, ಆದರೆ ತೊಂದರೆಯೇನೂ ಆಗಲಿಲ್ಲ. ಮಶೀನಿನ ಮುಂದೆ ಕೂತು ಗುಂಡಿ ಒತ್ತಿದರೆ ಅದು ಏಳುತ್ತಿತ್ತು. ಎದುರಿಗೆ ಕೂತವರನ್ನು ಹೆಸರು ಹಿಡಿದು ಯಾರು ಕರೆಯುತ್ತಾರೆ?

ಕಳೆದ ದೀಪಾವಳಿಯ ಹೊತ್ತಿಗೆ ಆ ಹಳೇ ಮಶೀನು ಕಟಕಟ ಹಲ್ಲು ಕಡಿಯತೊಡಗಿತು. ಯಶೋದಾಬಾಯಿಯ ಜೀವ ಬಾಯಿಗೆ ಬಂತು. ಆ ಗುಂಡು ಅಕ್ಷರಗಳು ಹೊಸ ಕಂಪ್ಯೂಟರಿನಲ್ಲಿ ನಡೆಯುವುದಿಲ್ಲ, ಮಾಡಿದ ಕಂಪನಿ ಬಾಗಿಲು ಹಾಕಿ ಯಾವ ಕಾಲವಾಯಿತೋ. ಆಕೆ ತನ್ನ ಅಣ್ಣನ ಮಗ ಕಪಿಲನಿಗೆ ಫೋನು ಮಾಡಿದಳು. ಕಪಿಲ ಹುಮನಾಬಾದಿನಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟವನು, ಎರಡು ಮಕ್ಕಳ ತಂದೆ. ಬಂದವನು ಒಂದಿಡೀ ದಿನ ಏನೇನೋ ವಾಯರು ಎಳೆದು, ಸಂಜೆ ಹೊಸದೊಂದು ಕರೀ ಡಬ್ಬಿಯನ್ನು ಒಳಗಿನ ಕೋಣೆಯಲ್ಲಿ ಅಚ್ಚಿನ ಯಂತ್ರದ ಪಕ್ಕ ಇಟ್ಟ.

"ಅತ್ತಿ, ಹಳೇ ಮಶೀನ್ ಸತ್ತಿಲ್ಲ. ಅದರ ಜೀವ ತಗದು ಇದರೊಳಗ ಇಟ್ಟೀನಿ. ಇದಕ್ಕ ವರ್ಚುವಲ್ ಮಶೀನ್ ಅಂತಾರ. ಹೊರಗಿಂದ ನೋಡಿದ್ರ ಒಂದು, ಒಳಗ ಇನ್ನೊಂದು."

"ಬಸುರಿ ಇದ್ದಂಗ?"

"ಹೌದ್ರಿ. ಆದ್ರ ಹೊಟ್ಯಾಗಿಂದು ತಾಯಿಕಿಂತ ಮುದಿ."

ಪಕ್ಕದ ಬಳೆ ಅಂಗಡಿಯ ಮುನ್ನಿ ಬೀ ಇದನ್ನು ಕೇಳಿ ಬಾಗಿಲಿಗೆ ಬಂದು ಇಣುಕಿದಳು. ಆಕೆ ಯಶೋದಾಬಾಯಿಗಿಂತ ನಾಲ್ಕು ವರ್ಷ ಹಿರಿಯಳು, ಮಾತಿನಲ್ಲಿ ನಲವತ್ತು ವರ್ಷ. "ಅರೇ, ಇದು ಶೀಶಾದಾಗ ಜಿನ್ನ್ ತುಂಬಿದಂಗ ಆತಲ್ಲ! ಕರದ್ರ ಬರ್ತದೇನು?"

"ಬರ್ತದ್ರಿ," ಎಂದ ಕಪಿಲ. ಹಳೆಯ ಪರದೆಯ ವಾಯರು ಹೊಸ ಡಬ್ಬಿಯ ತೂತಿಗೆ ಕೂಡಿರಲಿಲ್ಲ. ಹೀಗಾಗಿ ಡಬ್ಬಿಗೆ ಪರದೆಯೇ ಇಲ್ಲ. ಯಶೋದಾಬಾಯಿ ಮುಂದಿನ ಗಲ್ಲೆಯ ಮೇಜಿನಲ್ಲಿ ಸಣ್ಣ ಲ್ಯಾಪ್‌ಟಾಪು ಇಟ್ಟುಕೊಂಡು ಕೂಡಬೇಕು, ವೈಫೈ ಮೂಲಕ ಒಳಗಿನ ಮಶೀನನ್ನು ಕರೆಯಬೇಕು, ಆಗ ಹಳೇ ಮಶೀನು ಇದ್ದ ಹಾಗೇ ಬಂದು ಆಕೆಯ ಮುಂದೆ ನಿಲ್ಲುತ್ತದೆ.

"ಏನಂತ ಕರೀಲಿ?"

"ಅದಕ್ಕ ಮಾಮಾನ ಹೆಸರೇ ಇಟ್ಟಾರಲ್ಲ. ಈ ಖಾನ್ಯಾಗ ಅದನ್ನ ಟೈಪ್ ಮಾಡಿದ್ರ ಆತು."

ಯಶೋದಾಬಾಯಿ ಕನ್ನಡಕ ತೆಗೆದಳು. "ಹೆಸರು ಬದ್ಲಿ ಮಾಡಿಬಿಡು. ಡಬ್ಬಿ ಅಂತ ಇಡು. ಜಿನ್ನ್ ಅಂತ ಬೇಕಾದ್ರ ಇಡು."

"ನೋಡಿದೆ ಅತ್ತಿ. ಆ ಅಕ್ಷರದ ಸಾಫ್ಟ್‌ವೇರ್ ಹೆಸರು ನೋಡೇ ಬಾಗಿಲಾ ತಗೀತದ. ಹೆಸರು ಬದ್ಲಿ ಆದ್ರ, ನೀವ್ಯಾರು ಅಂತದ."

"ಹಂಗಾರ ಬ್ಯಾರೆ ದಾರಿ ಹೇಳು."

ಬೇರೆ ದಾರಿಯೂ ಇತ್ತು. ಪ್ರತಿ ಮಶೀನಿಗೂ ವೈಫೈ ಡಬ್ಬಿ ಒಂದು ನಂಬರು ಕೊಟ್ಟಿರುತ್ತದೆ, ನಡುನಡುವೆ ಚುಕ್ಕೆ ಇರುವ ಉದ್ದನೆಯ ನಂಬರು. ಅದನ್ನು ಹೊಡೆದರೂ ಮಶೀನು ಬರುತ್ತದೆ. ಯಶೋದಾಬಾಯಿಯ ಮುಖ ಅರಳಿತು. ಇದೇ ಚಲೋ. ಗಂಡನನ್ನು 'ಇವರು' ಎಂದು ಕರೆದಂತೆ ಮಶೀನನ್ನು ನಂಬರಿನಿಂದ ಕರೆದರೆ ಯಾರ ಮರ್ಯಾದೆಯೂ ಹೋಗುವುದಿಲ್ಲ.

ಕಪಿಲ ಮಾತ್ರ ತಲೆ ಕೆರೆದುಕೊಂಡ. "ನಂಬರಿಂದು ಭರೋಸಾ ಇಲ್ರಿ ಅತ್ತಿ. ಕರೆಂಟ್ ಹೋಗಿ ಬಂತಂದ್ರ ವೈಫೈ ಡಬ್ಬಿ ಎಲ್ಲಾರಿಗೂ ಹೊಸ ನಂಬರ್ ಹಂಚತದ. ಹೆಸರಾದ್ರ ಅದೇ ಇರ್ತದ."

"ಕರೆಂಟ್ ಹೋದಾಗ ನೋಡೂಣಂತ," ಎಂದಳು ಯಶೋದಾಬಾಯಿ. ಬಸವಕಲ್ಯಾಣದಲ್ಲಿ ಅರ್ಧ ಆಯುಷ್ಯ ಕಳೆದ ಹೆಂಗಸು ಇಂಥ ಮಾತನ್ನು ಹೇಗೆ ಆಡಿದಳೋ ಗೊತ್ತಿಲ್ಲ. ಆದರೂ ಹೊಸ ಬ್ಯಾಟರಿಯ ಪುಣ್ಯದಿಂದ ಚಳಿಗಾಲವೆಲ್ಲ ಆ ನಂಬರು ನಡೆಯಿತು.

ಅಷ್ಟರಲ್ಲಿ ಸುಮೇಧಾಗೆ ಹುಮನಾಬಾದಿನ ಸಂಬಂಧ ಕೂಡಿ ಬಂತು. ಹುಡುಗ ಸುಮೇಧ, ಶಾಲೆಯ ಮಾಸ್ತರ. ಸುಮೇಧ ಮತ್ತು ಸುಮೇಧಾ ಎಂದು ಇಬ್ಬರ ಹೆಸರೂ ಕೂಡಿದ್ದಕ್ಕೆ ಎರಡೂ ಮನೆಯವರು ನಕ್ಕು, ಅದನ್ನೇ ಒಳ್ಳೆಯ ಶಕುನವೆಂದು ತಿಳಿದರು. ಬೀಗರು ಅಜೀತ ಮತ್ತು ದ್ರೌಪತಿ, ಮಾಣಿಕನಗರದ ದಾರಿಯಲ್ಲಿ ಪಾತ್ರೆ ಅಂಗಡಿ ಇಟ್ಟವರು. ಒಳ್ಳೆಯ ಜನ. ಒಂದೇ ಒಂದು ವಿಷಯ ಯಶೋದಾಬಾಯಿಗೆ ಹಿಡಿಸಲಿಲ್ಲ. ಮಾತುಕತೆ ಮುಗಿದು ಶಿರಾ ತಿನ್ನುವಾಗ ಅಜೀತ, "ಕಾರ್ಡ್ ನಮ್ಮೂರಾಗೇ ಮಾಡಸೂಣ್ರಿ. ಅಲ್ಲಿ ಹೊಸ ಅಂಗಡಿ ಆಗ್ಯದ. ಹುಡುಗ ಹುಡುಗಿ ಫೋಟೋ ಹಾಕಿ, ಬಣ್ಣಾ ಬಣ್ಣಾ ಮಾಡಿ, ಚಾ ಕುಡಿಯೂದ್ರಾಗ ಕೈಯಾಗ ಕೊಡ್ತಾರ," ಎಂದುಬಿಟ್ಟ.

ಯಶೋದಾಬಾಯಿ ಚಮಚವನ್ನು ತಟ್ಟೆಯಲ್ಲಿಟ್ಟಳು. ಊರ ಮಂದಿಯ ಮಕ್ಕಳ ಕಾರ್ಡನ್ನೆಲ್ಲ ಬರೆದವಳು ಆಕೆ. ಮಗಳು ತೊಟ್ಟಿಲಲ್ಲಿದ್ದಾಗಿನಿಂದ ಅವಳ ಕಾರ್ಡು ಆಕೆಯ ಮನಸ್ಸಿನಲ್ಲಿ ತಯಾರಿತ್ತು. ಮೇಲೆ ಅರಳಿ ಎಲೆ, ಅದರ ಕೆಳಗೆ ಬುದ್ಧ ವಂದನೆ, ನಡುವೆ 'ಮಂಗಲ ಪರಿಣಯ' ಎಂಬ ಮಾತು ಆ ಗುಂಡು ಅಕ್ಷರದಲ್ಲಿ. ಆ ಕಾರ್ಡು ಬೇರೆಯವರ ಅಂಗಡಿಯಲ್ಲಿ ಆದರೆ ಆಕೆ ಪೇಟೆಯಲ್ಲಿ ಯಾವ ಮುಖ ಹೊತ್ತು ಕೂಡಬೇಕು? ಮುಖದ ಮಾತು ಬಿಡಿ, ಆ ಆಸೆಯನ್ನು ಎಲ್ಲಿ ಹೊತ್ತು ಹಾಕಬೇಕು?

"ಬೀಗರ, ಒಂದ್ಸಲ ನಾ ಮಾಡಿದ್ದು ನೋಡ್ರಿ. ಮನಸ್ಸಿಗೆ ಬರಲಿಲ್ಲಂದ್ರ ನಿಮ್ಮೂರಾಗ ಮಾಡಸ್ರಿ," ಎಂದಳು. ಅಜೀತ ಒಪ್ಪಿದ. ರವಿವಾರ ಮಧ್ಯಾಹ್ನ ಬಂದು ಮಾದರಿ ನೋಡುತ್ತೇವೆ, ಅದು ಆಗಿರದಿದ್ದರೆ ಹಿಂದಿರುಗಿ ಹೋಗಿ ಅವತ್ತೇ ಹುಮನಾಬಾದಿನಲ್ಲಿ ಕೊಟ್ಟುಬಿಡುತ್ತೇವೆ, ದಿನ ಬಹಳ ಉಳಿದಿಲ್ಲ ಎಂದ. ತಮ್ಮ ಕಡೆಯ ಹಿರಿಯರ ಹೆಸರುಗಳನ್ನು ಮಾತ್ರ ಅವರು ಕಳಿಸಿದ್ದು ಶನಿವಾರ ದೀಪ ಹಚ್ಚುವ ಹೊತ್ತಿಗೆ.

ರವಿವಾರ ಮುಂಜಾನೆ ಉತ್ತಮ ಬೀಗರನ್ನು ಕರೆತರಲು ಬಸ್ಸು ಹಿಡಿದು ಹುಮನಾಬಾದಿಗೆ ಹೋದ. ಯಶೋದಾಬಾಯಿ ತಲೆ ಬಾಚಿ, ಹೊಸ ಇಳಕಲ್ ಸೀರೆ ಉಟ್ಟು, ಲ್ಯಾಪ್‌ಟಾಪು ತೆರೆದಳು. ಇನ್ನೇನು ಕರೆಯಬೇಕು, ಮೇಲೆ ತಿರುಗುತ್ತಿದ್ದ ಫ್ಯಾನು ನಿಂತಿತು. ಬ್ಯಾಟರಿ ಒಂದಿಷ್ಟು ಹೊತ್ತು ಕುಂಯ್‌ಗುಟ್ಟಿ ಅದೂ ಕಣ್ಣು ಮುಚ್ಚಿತು. ಕರೆಂಟು ತಿರುಗಿ ಬಂದಾಗ ಗಂಡನ ಫೋನೂ ಬಂತು. "ಕಾರಿನಾಗ ಹೊಂಟೇವಿ. ಊಟಕ್ಕ ಅಲ್ಲೇ ಬರ್ತೇವಿ," ಎಂದು ಇಟ್ಟುಬಿಟ್ಟ.

ಒಳಗೆ ಕರೀ ಡಬ್ಬಿ ತಾನಾಗಿಯೇ ಎದ್ದು ಗುರ್ ಎನ್ನುತ್ತಿತ್ತು. ಯಶೋದಾಬಾಯಿ ಬಾಯಿಪಾಠವಾಗಿದ್ದ ನಂಬರು ಹೊಡೆದಳು. ಮಶೀನು ಸಿಗಲಿಲ್ಲ ಎಂದಿತು ಪರದೆ. ಮತ್ತೆ ಹೊಡೆದಳು. ಸಿಗಲಿಲ್ಲ. ಕನ್ನಡಕ ಒರೆಸಿ ಹೊಡೆದಳು. ಅದೇ ಮಾತು. ಕಪಿಲನಿಗೆ ಫೋನು ಹಚ್ಚಿ, ಕೈ ಖಾಲಿ ಇರಲೆಂದು ಸ್ಪೀಕರಿಗೆ ಹಾಕಿ ಗಲ್ಲೆಯ ಮೇಲಿಟ್ಟಳು.

"ದಾರಿಯಾಗ ಇದೀನಿ ಅತ್ತಿ, ನಿಮ್ಮಲ್ಲಿಗೇ ಬರಾಕತ್ತೀನಿ," ಎಂದ ಕಪಿಲ. ಹಿಂದೆ ಗಾಡಿಯ ಸಪ್ಪಳ ಕೇಳುತ್ತಿತ್ತು.

"ನೀ ಬರೂತನಕ ಬೀಗರು ಬಂದು ಕುಂಡ್ರತಾರೋ ಮಾರಾಯಾ! ಹೊಟ್ಯಾಗಿನ ಮಶೀನ್ ಬರವಲ್ದು. ಹೊಸ ನಂಬರ್ ಏನದ ಹೇಳು ಲಗೂನ."

"ಅದು..." ಎಂದು ಕಪಿಲ ತಡೆದ. ಅತ್ತ ಯಾರೋ ಕೆಮ್ಮಿದಂತಾಯಿತು. "ಅದು ಇಲ್ಲಿಂದ ಹ್ಯಾಂಗ ಹೇಳ್ಲಿ ಅತ್ತಿ? ನಂಬರ್ ಬಿಡ್ರಿ, ಹೆಸರು ಹಾಕ್ರಿ. ತಟ್ಟನ ಬರ್ತದ."

"ಹೆಸರು ಹಾಕೂದಿದ್ರ ನಿನ್ನ ಕೇಳತಿದ್ನೇನು?"

"ಬಾಯಿಲೆ ಹೇಳಬ್ಯಾಡ್ರಿ, ಬೆರಳಿಲೆ ಒತ್ತರಿ ಸಾಕು."

"ಬೆರಳೇನು ಮಂದಿ ಮನಿದೇನು? ಅದೂ ನಂದೇ ಅದ!"

ಈ ಕೂಗಾಟಕ್ಕೆ ಮುನ್ನಿ ಬೀ ಬಳೆಯ ಡಬ್ಬಿಯನ್ನು ಹಾಗೇ ಬಿಟ್ಟು ಓಡಿ ಬಂದಳು. ಸಂಗತಿ ತಿಳಿದು ತೋಳು ಏರಿಸಿದಳು. "ಸರಿ ಅಲ್ಲಿಂದ. ನಾ ಒತ್ತತೀನಿ. ನಿನ್ನ ಗಂಡ ನನಗೇನು ಗಂಡ ಅಲ್ಲ. ಅಂಗ್ರೇಜಿ ಅಕ್ಷರ ಬರಲ್ಲ, ನೀ ಬಟ್ಟು ಮಾಡಿ ತೋರ್ಸು."

ಬೆರಳು ಮಾಡಿ ತೋರಿಸುವುದು ಬರೆದಂತೆ ಆಗುತ್ತದೋ ಇಲ್ಲವೋ ಎಂದು ಯಶೋದಾಬಾಯಿ ಕ್ಷಣ ಯೋಚಿಸಿದಳು. ಕೊನೆಗೆ ಬೆರಳಿನ ಬದಲು ಗದ್ದ ಮುಂದೆ ಮಾಡಿ ತೋರಿಸಿದರೆ ಅಡ್ಡಿಯಿಲ್ಲವೆಂದು ತೀರ್ಮಾನಿಸಿದಳು. ಗದ್ದ ಯಾವ ಗುಂಡಿಯತ್ತ ಹೊರಳಿತೆಂದು ಮುನ್ನಿ ಬೀಗೆ ತಿಳಿಯುವುದೇ ಕಷ್ಟ. ಅಂತೂ ತಿಳಿದು ಒತ್ತಿದರೆ, ಒಂದು ಸಲ ಒತ್ತಿದ ಗುಂಡಿಯನ್ನು ಆಕೆ ಬಿಡುವವಳಲ್ಲ. ಗಿರಾಕಿಯ ಮುಂಗೈ ಹಿಡಿದಂತೆ ಹಿಡಿದೇ ಹಿಡಿದಳು. ಪರದೆಯ ತುಂಬ ಒಂದೇ ಅಕ್ಷರ ಹರಿದಾಡಿತು. ಅದನ್ನು ಅಳಿಸಲು ಹೋದಾಗ ಮುಂಗೈ ತುಂಬ ಇದ್ದ ಗಾಜಿನ ಬಳೆಗಳು ಕೆಳಗಿನ ಸಾಲಿನ ಗುಂಡಿಗಳ ಮೇಲೆಲ್ಲ ಜಾತ್ರೆ ನಡೆಸಿದವು. ಮಶೀನು ಸಿಗಲಿಲ್ಲ ಎಂದಿತು ಪರದೆ.

"ಹಾಳಾಗಿ ಹೋಗಲಿ ಇದರ ಮಾರಿ," ಎಂದು ಮುನ್ನಿ ಬೀ ಬಳೆ ಸರಿಸಿಕೊಂಡಳು. "ತಡಿ, ಸೈಫುದ್ದೀನ್‌ನ ಕರೀತೀನಿ. ಅಂವಾ ಮ್ಯಾಟ್ರಿಕ್ ಪಾಸು."

ಎದುರಿನ ಟೇಲರ್ ಸೈಫುದ್ದೀನ್ ಟೇಪು ಕೊರಳಲ್ಲಿ ಹಾಕಿಕೊಂಡೇ ಬಂದ. ಅಂಗಡಿಯ ಮಂದಿಗೆ ಉಪಕಾರವೆಂದರೆ ಎರಡು ಹೆಜ್ಜೆ ಮುಂದೆ ಇರುವ ಮನುಷ್ಯ. ಯಾರ ಹೆಸರು ಎಂದು ಅವನಿಗೆ ಹೇಳಬೇಕಾಗಿಯೂ ಇರಲಿಲ್ಲ. ಗಂಭೀರವಾಗಿ ಕೂತು, ಒಂದೊಂದೇ ಗುಂಡಿ ಹುಡುಕಿ, ಚೆಂದಾಗಿ ಹೊಡೆದು, ಕೊನೆಯ ಗುಂಡಿಯನ್ನು ಬಟನ್ ಹಚ್ಚಿದಂತೆ ಒತ್ತಿದ. ಮಶೀನು ಸಿಗಲಿಲ್ಲ.

"ಏನ್ ಹಾಕಿದ್ರಿ ಚಾಚಾ?" ಎಂದಿತು ಫೋನು.

"ಉತ್ತಮ್ ಸಾಬ್."

"ಸಾಬ್ ಬ್ಯಾಡ್ರಿ ಚಾಚಾ! ಬರೀ ಹೆಸರು ಹಾಕ್ರಿ."

ಸೈಫುದ್ದೀನನ ಹುಬ್ಬು ಗಂಟಾಯಿತು. "ಉಮರಿನಾಗ ನನಕಿಂತ ದೊಡ್ಡಾಂವ. ನನ್ನ ಬೇಟಿ ಮೀನಾಜಳ ಶಾದಿಯಾಗ ಮುಂದ ನಿಂತು ಊಟಕ್ಕ ಬಡಿಸಿದಾಂವ. ಖಾಲಿ ಹೆಸರು ಹಿಡದು ಕರೀಲಿಕ್ಕ ಹೋಟೆಲ್‌ದಾಗಿನ ಕಪ್ಪು ತೊಳಿಯಾಂವ ಏನು?"

"ಮಾಮಾಗ ಅಲ್ರಿ, ಮಶೀನಿಗೆ ಕರೀಯೂದು!"

"ಹೆಸರು ಯಾರ್ದು ಅದ? ಅದಬ್, ಮರ್ಯಾದಿ ಅಂಬೂದು ಮಶೀನ್ ನೋಡಿ ಬದಲತದೇನು?" ಎಂದ ಸೈಫುದ್ದೀನ್, ತುಸು ಇಳಿದು ಬಂದು 'ಉತ್ತಮ್ ಭಾಯಿ' ಎಂದು ಹೊಡೆದ. ಅದಕ್ಕಿಂತ ಕೆಳಗೆ ಇಳಿಯಲು ಅವನ ಕೈ ಸಿದ್ಧವಿರಲಿಲ್ಲ. ಮಶೀನು ಭಾಯಿಯನ್ನೂ ಒಲ್ಲೆ ಎಂದಿತು. ಅಷ್ಟರಲ್ಲಿ ಮಧ್ಯಾಹ್ನದ ಆಜಾನ್ ಕೇಳಿಸಿತು. ಸೈಫುದ್ದೀನ್ ಎದ್ದು, "ಮಾಫ್ ಮಾಡ್ರಿ ಭಾಭಿ, ನಮಾಜಿಗೆ ಹೋಗಿ ಬರ್ತೀನಿ," ಎಂದು ಟೋಪಿ ಹಾಕಿಕೊಂಡು ಹೊರಟುಹೋದ.

ಯಶೋದಾಬಾಯಿ ಸ್ಟೂಲಿನ ಮೇಲೆ ಕುಸಿದು ಕೂತಳು. ಹೊಸ ಸೀರೆಯ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಳು ಬಂದಿತ್ತು, ನಿಜವಾಗಿ ಬಂದಿತ್ತು. ಮನಸ್ಸಿನಲ್ಲಿ ಅಷ್ಟು ವರ್ಷ ತಿದ್ದಿ ತೀಡಿದ ಕಾರ್ಡು ಗೋಡೆಯಾಚೆ, ನಾಲ್ಕು ಹೆಜ್ಜೆ ದೂರದಲ್ಲಿ ಕೂತಿದೆ. ಕರೆದರೆ ಬರುತ್ತದೆ. ಕರೆಯಲು ನಾಲಿಗೆಯಿಲ್ಲ. ಬೀಗರು ಬಂದು ಖಾಲಿ ಪರದೆ ನೋಡಿ, ಊಟ ಮಾಡಿ, ಒಳ್ಳೆಯ ಮಾತಾಡಿ, ಹುಮನಾಬಾದಿಗೆ ಹೋಗಿ ಬಣ್ಣದ ಕಾರ್ಡು ಮಾಡಿಸುತ್ತಾರೆ. ಮಗಳ ಕಾರ್ಡನ್ನು ಆಕೆಯೂ ಉಳಿದವರಂತೆ ಅಂಚೆಯವನ ಕೈಯಿಂದ ಇಸಿದುಕೊಂಡು ನೋಡಬೇಕು.

ಮುನ್ನಿ ಬೀ ಮುಂದೆ ಬಂದು ಲ್ಯಾಪ್‌ಟಾಪಿನ ಎರಡೂ ಕಡೆ ಕೈ ಚಾಚಿ, ಬಾಗಿಲ ಚೌಕಟ್ಟು ಹಿಡಿದವಳಂತೆ ನಿಂತಳು.

"ಯಶೋದಾ, ನಿನ್ನ ಶಾದಿ ದಿನ ನೆಪ್ಪದ ಏನು? ನೀ ಹೊಸ್ತಿಲಾಗ ನಿಂತಿದ್ದಿ. ನಾವು ಪೋರಿಗೋಳು ಬಾಗಿಲಾಗ ಅಡ್ಡ ನಿಂತಿದ್ವಿ. ಗಂಡನ ಹೆಸರು ಹೇಳು, ಇಲ್ಲಂದ್ರ ಒಳಗ ಬಿಡಲ್ಲ ಅಂದ್ವಿ. ಆವಾಗ ಹ್ಯಾಂಗ ಹೇಳಿದಿ?"

"ಒಡಪ ಹಾಕಿ ಹೇಳಿದ್ದೆ."

"ಏನಂತ?"

ಯಶೋದಾಬಾಯಿಯ ತುಟಿಯ ಮೇಲೆ ಬೇಡವೆಂದರೂ ನಗು ಬಂತು. ನಿರ್ಣಾದಿಂದ ಬರುವಾಗ ಅವ್ವ ಗಾಡಿ ತುಂಬ ಒಡಪು, ಅಂದರೆ ಗಂಡನ ಹೆಸರು ಹೆಣೆದ ಪ್ರಾಸದ ಸಾಲುಗಳನ್ನು ಕಲಿಸಿ ಕಳಿಸಿದ್ದಳು. ಹೊಸ್ತಿಲಿಗೆ ಬಂದಾಗ ಹೆದರಿಕೆಗೆ ಎಲ್ಲ ಮರೆತು, ಹಸಿವೆಯೂ ಆಗಿದ್ದರಿಂದ ತಾನೇ ಒಂದು ಕಟ್ಟಿ ಹೇಳಿದ್ದಳು: ಜೋಳದ ರೊಟ್ಟಿ ಮ್ಯಾಲ ಬೆಣ್ಣಿಯ ಮುದ್ದಿ, ಉತ್ತಮರಾಯರ ಹೆಸರು ಹೇಳೀನಿ, ಮುಗೀತು ಸುದ್ದಿ. ಬಾಗಿಲಲ್ಲಿದ್ದ ಹೆಂಗಸರು ನಕ್ಕು ನಕ್ಕು ದಾರಿ ಬಿಟ್ಟಿದ್ದರು. ಅದೇ ಮೊದಲು, ಅದೇ ಕೊನೆ. ಒಡಪಿನೊಳಗೆ ಹೆಸರು ಹೇಳಿದರೆ ಹೇಳಿದಂತಲ್ಲ, ಅದಕ್ಕೆ ಎಲ್ಲ ಹೆಂಗಸರ ಒಪ್ಪಿಗೆಯಿದೆ.

"ಇದೂ ಅದೇ ನಡಸೇದ," ಎಂದಳು ಮುನ್ನಿ ಬೀ. "ಹೊಸ್ತಿಲಾಗ ಅಡ್ಡ ನಿಂತದ. ಹೆಸರು ಹೇಳು, ಒಳಗ ಬಿಡ್ತೀನಿ ಅಂತದ. ನೀ ಒಂದು ಒಡಪ ಹಾಕು. ತಪ್ಪೇನದ?"

ಯಶೋದಾಬಾಯಿ ಹುಡುಕಿದಳು, ತಪ್ಪು ಸಿಗಲಿಲ್ಲ. ಎದ್ದಳು. ಸೆರಗು ತಲೆಯ ಮೇಲೆ ಎಳೆದುಕೊಂಡಳು. ಕೀಬೋರ್ಡಿನ ಮುಂದೆ ಕೂತು ಗಂಟಲು ಸರಿಮಾಡಿಕೊಂಡಳು. ಹೊಸ್ತಿಲಲ್ಲಿ ನಿಂತಿದ್ದ ಅವತ್ತಿನ ಹುಡುಗಿಗಿಂತ ಈಗಿನ ದನಿ ಒಂದಿಷ್ಟು ಒರಟಾಗಿತ್ತು, ಆದರೆ ನಡುಗಲಿಲ್ಲ.

"ಮಗಳ ಮದವಿ ಕಾರ್ಡಿಗೆ ತಂದೀನಿ ಅರಿಶಿಣ ಹಚ್ಚಿದ ಹಾಳಿ, ಉತ್ತಮರಾಯರ ಬಾಗಿಲಿಗೆ ಬಂದೀನಿ ಹೆಸರು ಹೇಳಿ!"

ಬೆರಳು ಬರೀ ಹೆಸರನ್ನಷ್ಟೇ ಒತ್ತಿತು, ರಾಯರನ್ನು ಬಾಯಿ ಸೇರಿಸಿಕೊಂಡಿತು. ಹೀಗೆ ಮಶೀನಿಗೆ ಬೇಕಾದ್ದು ಮಶೀನಿಗೆ ಸಿಕ್ಕಿತು, ಗಂಡನ ಮರ್ಯಾದೆ ಗಂಡನಿಗೆ ಉಳಿಯಿತು. ಪರದೆ ಒಮ್ಮೆ ಕಪ್ಪಾಯಿತು. ಆಮೇಲೆ ಹಳೇ ಮಶೀನಿನ ಪರದೆ ಚಿತ್ರದ ಹಸಿರು ಗುಡ್ಡ, ನೀಲಿ ಆಕಾಶ ಇದ್ದ ಹಾಗೇ ಬಂದು ಎದುರಿಗೆ ನಿಂತವು.

"ಬಂತವಾ!" ಎಂದು ಮುನ್ನಿ ಬೀ ಚಪ್ಪಾಳೆ ತಟ್ಟಿದಳು. ಆದರೆ ಚಪ್ಪಾಳೆ ಒಬ್ಬಳದಲ್ಲ. ಗಲ್ಲೆಯ ಮೇಲಿದ್ದ ಫೋನಿನಿಂದಲೂ ಚಪ್ಪಾಳೆ ಕೇಳುತ್ತಿತ್ತು. ಅದರ ಹಿಂದೆಯೇ ಒಬ್ಬ ಹೆಂಗಸಿನ ದೊಡ್ಡ ದನಿ ಬಂತು. "ವಾ ಬೀಗತಿ! ಎಂಥಾ ಒಡಪ ಹಾಕಿದ್ರಿ! ಇನ್ನೊಮ್ಮೆ ಹೇಳ್ರಿ, ಗಾಡಿ ಸಪ್ಪಳದಾಗ ಅರ್ಧಾ ಹೋತು."

ಅದು ದ್ರೌಪತಿಯ ದನಿ. ಕಪಿಲ ಬರುತ್ತಿದ್ದ ಗಾಡಿ ಬೀಗರದೇ ಕಾರು ಎಂದೂ, ಆ ಕಾರಿನಲ್ಲಿ ಬೀಗ, ಬೀಗತಿ, ಸಾಕ್ಷಾತ್ ಆ ಹೆಸರಿನ ಧಣಿ ಎಲ್ಲರೂ ಕೂತು ಮೊದಲಿನಿಂದ ಕೊನೆಯವರೆಗೂ ಕೇಳುತ್ತಿದ್ದರು ಎಂದೂ ಯಶೋದಾಬಾಯಿಗೆ ಆಗ ತಿಳಿಯಿತು. ಕೈಗೆ ಸಿಕ್ಕ ಕಾಗದದ ಕಟ್ಟನ್ನೇ ಮುಖಕ್ಕೆ ಅಡ್ಡ ಹಿಡಿದುಕೊಂಡು, ಫೋನಿನ ಕೆಂಪು ಗುಂಡಿ ಒತ್ತಿದಳು.

ನಾಚಿಕೊಂಡು ಕೂಡಲು ಹೊತ್ತಿರಲಿಲ್ಲ. ಅರಳಿ ಎಲೆ ಬಂತು, ಬುದ್ಧ ವಂದನೆ ಬಂತು, ಮಂಗಲ ಪರಿಣಯ ಗುಂಡಗುಂಡಗೆ ಬಂದು ನಡುವೆ ಕೂತಿತು. ಬೆರಳುಗಳು ಅಷ್ಟು ವರ್ಷ ಕಾದಿದ್ದ ಕೆಲಸವನ್ನು ತಾವೇ ಮಾಡಿದವು. ಹೊರಗೆ ಕಾರಿನ ಬಾಗಿಲು ಬಡಿದ ಸದ್ದಾದಾಗ ಒಳಗಿನ ಯಂತ್ರದಿಂದ ಮಾದರಿ ಕಾರ್ಡು ಬಿಸಿಬಿಸಿಯಾಗಿ ಹೊರಬರುತ್ತಿತ್ತು.

ದ್ರೌಪತಿ ಒಳಗೆ ಬಂದವಳೇ ಬೀಗತಿಯ ಗಲ್ಲ ಹಿಂಡಿದಳು. ಅಜೀತ ಕಾರ್ಡು ಹಿಡಿದು ಬಹಳ ಹೊತ್ತು ನೋಡಿದ. ತನ್ನ ಕಡೆಯ ಹೆಸರುಗಳ ಮೇಲೆ ಬೆರಳಾಡಿಸುತ್ತ ಹೋಗಿ ಒಂದು ಕಡೆ ನಿಂತ. "ನಮ್ಮ ದೊಡ್ಡಣ್ಣನ ಹೆಸರು ಮ್ಯಾಲ ಹಾಕೀರಿ. ನಾನೇ ಕೆಳಗ ಬರದು ಕೊಟ್ಟಿದ್ದೆ."

"ಹಿರ್ಯಾರ ಅಲ್ಲೇನ್ರಿ," ಎಂದಳು ಯಶೋದಾಬಾಯಿ.

"ಚಲೋ ಆತು. ಅಂವಾ ಸಿಟ್ಟಿನ ಮನಷ್ಯಾ," ಎಂದ ಅಜೀತ. ಆಮೇಲೆ ಹುಮನಾಬಾದಿನ ಬಣ್ಣದ ಅಂಗಡಿಯ ಸುದ್ದಿಯನ್ನು ಅವನೂ ಎತ್ತಲಿಲ್ಲ, ಅವನ ಹೆಂಡತಿಯೂ ಎತ್ತಗೊಡಲಿಲ್ಲ.

ಚಹಾ ಆಯಿತು. ಕಪಿಲ ತನ್ನ ಫೋನು ತೆಗೆದು ಏನೋ ನೋಡತೊಡಗಿದ. ಕಪ್ಪು ತೆಗೆದುಕೊಳ್ಳಲು ಬಂದ ಯಶೋದಾಬಾಯಿಯ ಕಣ್ಣು ಅದರ ಮೇಲೆ ಬಿತ್ತು. ಚುಕ್ಕೆ ಚುಕ್ಕೆಯ ಉದ್ದನೆಯ ನಂಬರು, ಅದರ ಪಕ್ಕ ಆಕೆ ಒಡಪು ಹಾಕಿ ಕರೆದ ಹೆಸರು.

"ಇದೇನಿದು?"

"ಅದು... ಇಲ್ಲಿನ ವೈಫೈ ಇಂಟರ್ನೆಟ್ ಮ್ಯಾಲ ನನ್ನ ಫೋನಿನಾಗ ಕಾಣತದ ಅತ್ತಿ."

"ಕಾರಿನಾಗ ಇದ್ದಾಗ?"

ಕಪಿಲ ಉತ್ತರಕ್ಕಾಗಿ ಮಾಮನ ಮುಖ ನೋಡಿದ. "ಕಾಣತಿತ್ತರಿ. ಹೇಳಾಂವ ಇದ್ದೆ. ಮಾಮಾ ಕೆಮ್ಮಿ ಕೈ ಹಿಡದ್ರು."

ಯಶೋದಾಬಾಯಿ ಗಂಡನತ್ತ ತಿರುಗಿದಳು. ಕಣ್ಣು ಕೆಂಪಾಗಿದ್ದವು. "ನಾ ಇಲ್ಲಿ ಅತ್ತೀನಿ. ಕಾರ್ಡ್ ಆಗ್ಲಿಲ್ಲಂದ್ರ ಏನ್ ಮಾಡತಿದ್ರಿ?"

"ಆಗ್ಲಿಲ್ಲಂದ್ರ ಕಪಿಲನ ಕೈಲೆ ನಂಬರ್ ಹೇಳಸ್ತಿದ್ದೆ," ಎಂದ ಉತ್ತಮ. ಬೀಗರ ಮುಂದೆ ದನಿ ತಗ್ಗಿಸಿದ. "ಹೊಸ್ತಿಲಾಗ ಒಮ್ಮೆ ಕೇಳಿದ್ದೆ. ಆವಾಗೂ ಎಲ್ಲಾರೂ ನಗಾಕತ್ತಿದ್ರು, ನೆಟ್ಟಗ ಕೇಳಿಸಲಿಲ್ಲ. ಇವತ್ತ ಪೂರಾ ಕೇಳಿದೆ."

ಆಕೆಗೆ ಬಯ್ಯಬೇಕೆನಿಸಿತು. ಬಯ್ಯುವ ಬದಲು ಅವನ ಮುಂದಿನ ಕಪ್ಪನ್ನು ಕಸಿದುಕೊಂಡಳು.

ಉತ್ತಮ ಮಾದರಿ ಕಾರ್ಡನ್ನು ಬೆಳಕಿಗೆ ಹಿಡಿದು ನೋಡಿದ. ಮಗಳ ತಂದೆ ತಾಯಿಯ ಹೆಸರಿರುವ ಸಾಲಿಗೆ ಬಂದಾಗ ಅವನ ಕೈ ನಿಂತಿತು. ಆ ಹೆಸರಿನ ಜಾಗ ಯಾವಾಗಲೂ ತನಗಾಗಿ ಖಾಲಿ ಇರುತ್ತಿತ್ತು, ಇವತ್ತು ತುಂಬಿತ್ತು. ಕನ್ನಡಕ ಹಾಕಿಕೊಂಡು ಮತ್ತೊಮ್ಮೆ ನೋಡಿದ.

"ನನ್ನ ಹೆಸರು ಉಳದ ಹೆಸರಕಿಂತ ದಪ್ಪ ಆಗ್ಯದಲ್ಲ?"

"ಇಷ್ಟು ವರ್ಷದ್ದು ಒಮ್ಮಿಗೇ ಬಂದದ. ಹಂಗೇ ಇರ್ಲಿ," ಎಂದು ಯಶೋದಾಬಾಯಿ ಕಪ್ಪು ತೊಳೆಯಲು ಒಳಗೆ ಹೋದಳು.

ಕಾರ್ಡು ಹಾಗೆಯೇ ಅಚ್ಚಾಯಿತು.